ರಕ್ತದಾಗ ಏನೂ ಇರೂದಿಲ್ರಿ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎರಡು ಸೈಕಲ್ ಕಳುವಾದವು. ಸಿಸಿಟಿವಿ ನೋಡೋಕೆ ಮೊದಲೇ ವಾಟ್ಸಾಪ್ ಗ್ರೂಪಿನಲ್ಲಿ ತೀರ್ಪು ಬಂತು: ‘ಹೊಸ ವಾಚ್‌ಮನ್ ಯಾವ ಜನ ಅಂತ ವಿಚಾರಿಸಿ. ಕೆಲವರಿಗೆ ಅದು ರಕ್ತದಲ್ಲೇ ಬಂದಿರುತ್ತೆ.’ ಬರೆದವರು ಎಂಜಿನಿಯರ್. ಹೆಬ್ಬೆರಳು ಒತ್ತಿದವರೂ ಓದಿದವರೇ.

ನಾನು ಬೈಲಹೊಂಗಲದ ಕಡೆಯವನು. ಊರಿಗೆ ಹೋಗಲು ರೈಲು ಹತ್ತುವ ನಿಲ್ದಾಣಕ್ಕೆ ನಮ್ಮ ತಾಲೂಕಿನವನದೇ ಹೆಸರು: ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ. ಕಂಪನಿ ಸರ್ಕಾರದ ಲೆಕ್ಕದಲ್ಲಿ ಅವನು ಕಚೇರಿ ಸುಟ್ಟವನು, ಖಜಾನೆ ದೋಚಿದವನು. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಅವನ ತಲೆಯೊಳಗೆ ಏನಿತ್ತು ಅಂತ ಕೇಳುವ ಮೊದಲು ಅವನ ಹೊಲಕ್ಕೆ ಏನಾಯ್ತು ಅಂತ ಕೇಳಬೇಕು. ಕಿತ್ತೂರು ಬಿದ್ದ ಮೇಲೆ ಜಮೀನು ಕಿತ್ತುಕೊಂಡರು, ಉಳಿದದ್ದಕ್ಕೆ ಕಂದಾಯ ಹೇರಿದರು. ರಾಣಿ ಚನ್ನಮ್ಮ 1829ರಲ್ಲಿ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಳಾಗಿಯೇ ತೀರಿಕೊಂಡಳು. ಹೊಲ ಹೋಯ್ತು, ಮಾನ ಹೋಯ್ತು, ಕೇಳೋರು ಯಾರೂ ಇರಲಿಲ್ಲ.

‘ಹಂಗಾದ್ರ ಎಲ್ಲಾ ಕಳ್ಳರೂ ರಾಯಣ್ಣನೇನ್ರಿ?’ ಅಲ್ಲ. ರಾಮದುರ್ಗದ ಕತೆ ನೋಡಿ. 1939ರಲ್ಲಿ ಆ ಸಂಸ್ಥಾನದ ರೈತರು ಕಂದಾಯದ ಭಾರ ಇಳಿಸಿ ಅಂತ ಎದ್ದು ನಿಂತರು. ಮುಖಂಡರನ್ನು ಜೈಲಿಗೆ ಹಾಕಿದ ಮೇಲೆ ಸಿಟ್ಟಿಗೆದ್ದ ಜನ ಅಲ್ಲಿಗೇ ನುಗ್ಗಿದರು. ಪೊಲೀಸರು ಸತ್ತರು, ಆಮೇಲೆ ಕೆಲವರು ನೇಣಿಗೇರಿದರು. ಕೊಲೆ ಕೊಲೆಯೇ, ಸಮರ್ಥಿಸೋಕೆ ಬರಲ್ಲ. ಆದರೆ ಆ ರೈತರು ಹುಟ್ಟಾ ಕೊಲೆಗಾರರು ಅಂತ ಇವತ್ತು ಯಾರಾದ್ರೂ ಅಂತಾರಾ?

‘ಅಂದ್ರೆ ಬಡತನವೇ ಕಾರಣ’ ಅಂತಲೂ ತೀರ್ಪು ಕೊಡಬೇಡಿ. ಅದು ಬಡವರಿಗೆ ಮಾಡೋ ಇನ್ನೊಂದು ಅವಮಾನ. ಹುಣ್ಣಿಮೆ ಜಾತ್ರೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಲಕ್ಷಗಟ್ಟಲೆ ಜನ ಬರ್ತಾರೆ, ಬಹುಪಾಲು ಬಡವರೇ. ಚಕ್ಕಡಿ ಬಿಟ್ಟು ಬಯಲಲ್ಲೇ ಮಲಗ್ತಾರೆ. ಹಸಿವೊಂದೇ ಕಳ್ಳತನ ಮಾಡಿಸೋದಾದ್ರೆ ಆ ಜಾತ್ರೆ ಒಂದು ವರ್ಷವೂ ನಡೀತಿರಲಿಲ್ಲ. ಮನುಷ್ಯನನ್ನು ಕೆಡಿಸೋದು ಹಸಿವಿನ ಜೊತೆ ಮುಚ್ಚಿದ ಬಾಗಿಲು, ಮತ್ತು ಹಣೆಗೆ ಅಂಟಿಸಿದ ಚೀಟಿ.

ಆ ಚೀಟಿಯನ್ನು ಒಮ್ಮೆ ಸರ್ಕಾರವೇ ಅಂಟಿಸಿತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳು ಅಂತ ಪಟ್ಟಿ ಮಾಡಿತು. 1911ರ ಕಾಯ್ದೆ ಅದನ್ನು ನಮ್ಮ ಮುಂಬಯಿ ಪ್ರಾಂತಕ್ಕೂ ತಂದಿತು. ಹುಬ್ಬಳ್ಳಿ, ಗದಗ, ವಿಜಾಪುರದಲ್ಲಿ ಸೆಟ್ಲ್‌ಮೆಂಟ್‌ಗಳು ಎದ್ದವು. ಒಳಗಿದ್ದವರಿಗೆ ಹಾಜರಿ, ಹೊರಗೆ ಹೋಗೋಕೆ ಪಾಸು. ಏನೂ ಕದಿಯದವನಿಗೂ ಅದೇ ಬೇಲಿ. 1952ರಲ್ಲಿ ಕಾಯ್ದೆ ರದ್ದಾಯ್ತು, ಗುಮಾನಿ ರದ್ದಾಗಲಿಲ್ಲ. ಜೈಲು ಕೈಪಿಡಿಗಳಲ್ಲಿ ಉಳಿದಿದ್ದ ಜಾತಿಭೇದದ ನಿಯಮಗಳನ್ನು ಸುಪ್ರೀಂ ಕೋರ್ಟ್ ಹೊಡೆದುಹಾಕಿದ್ದು 2024ರ ಅಕ್ಟೋಬರಿನಲ್ಲಿ. ವಿಮುಕ್ತ ಸಮುದಾಯದವರನ್ನು ಮನಬಂದಂತೆ ಬಂಧಿಸಬೇಡಿ ಅಂತ ಪೊಲೀಸರಿಗೆ ಹೇಳಬೇಕಾಗಿ ಬಂದದ್ದೂ ಆಗಲೇ.

ಚೀಟಿ ಅಂಟಿದವನಿಗೆ ಕೆಲಸ ಸಿಗಲ್ಲ, ಬಾಡಿಗೆ ಮನೆ ಸಿಗಲ್ಲ, ಊರಲ್ಲಿ ಏನೇ ಕಳುವಾದ್ರೂ ಮೊದಲು ಅವನನ್ನೇ ಎಳೀತಾರೆ. ಕದ್ದರೂ ಕಳ್ಳ, ಕದಿಯದಿದ್ರೂ ಕಳ್ಳ ಅಂದ್ಮೇಲೆ ನೆಟ್ಟಗಿರೋಕೆ ಎಷ್ಟು ದಿನ ಮನಸ್ಸು ಬಂದೀತು?

ನಮ್ಮ ಆಫೀಸಿನಲ್ಲಿ ಯಾರಾದ್ರೂ ಸುಳ್ಳು ಬಿಲ್ ಕೊಟ್ಟು ದುಡ್ಡು ತಗೊಂಡ್ರೆ ‘ಪಾಪ, ಇಎಂಐ ಪ್ರೆಶರ್’ ಅಂತೀವಿ. ನಮ್ಮವರಾದ್ರೆ ಪರಿಸ್ಥಿತಿ, ವಾಚ್‌ಮನ್ ಆದ್ರೆ ರಕ್ತ. ಇದೇ ನನ್ನ ತಕರಾರು. ಕದ್ದವನಿಗೆ ಶಿಕ್ಷೆ ಆಗಲಿ, ಆದರೆ ಸಾಕ್ಷಿ ನೋಡಿ ಆಗಲಿ, ಜಾತಿ ವಿಚಾರಿಸಿ ಅಲ್ಲ.

ಸೈಕಲ್ ಇನ್ನೂ ಸಿಕ್ಕಿಲ್ಲ. ಕ್ಯಾಮೆರಾದಲ್ಲಿ ಏನೂ ಕಾಣಲಿಲ್ಲ. ವಾಚ್‌ಮನ್‌ನ ಮಾತ್ರ ತೆಗೆದುಹಾಕಿದ್ರು. ಆವತ್ತು ನಾನು ಗ್ರೂಪಿನಲ್ಲಿ ಒಂದಕ್ಷರ ಬರೀಲಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ.