ಸವಳಾದ ಹೊಲ ಯಾರ ಹೊಣೆ?



ಕಳೆದ ತಿಂಗಳು ಸಿಂಧನೂರು ಕಡೆಯ ಹಳ್ಳಿಯೊಂದಕ್ಕೆ ಹೋಗಿದ್ದೆ. ಸುಮಾರು ನಲವತ್ತು ವರ್ಷಗಳ ಹಿಂದೆ, ಹೊಸದಾಗಿ ನೌಕರಿಗೆ ಸೇರಿದಾಗ, ಅಲ್ಲಿನ ಉಪಕಾಲುವೆಯ ಮೇಲೆ ಸೈಕಲ್ ತುಳಿದು ನೀರಿನ ಮಟ್ಟ ಬರೆದುಕೊಂಡವನು ನಾನು. ಅಂದು ನೆಲ್ಲು ತೂಗುತ್ತಿದ್ದ ಹೊಲದ ಮೇಲೆ ಈಗ ಬಿಳಿ ಉಪ್ಪಿನ ಪದರ. ಹಿರಿಯ ರೈತರೊಬ್ಬರು ಒಂದು ಹಿಡಿ ಮಣ್ಣನ್ನು ನನ್ನ ಕೈಗಿಟ್ಟು, "ನೀರು ಕೊಟ್ರಿ ಸಾಹೇಬ್ರ, ಅದು ಹೊರಗ ಹೋಗಾಕ ದಾರಿ ಮಾಡ್ಲಿಲ್ಲ" ಅಂದರು. ನನ್ನಲ್ಲಿ ಉತ್ತರವಿರಲಿಲ್ಲ. ಕಾಲುವೆ ತೋಡುವಾಗ ಇದ್ದ ಉತ್ಸಾಹ ಬಸಿಗಾಲುವೆ ತೋಡುವಾಗ ನಮಗೆ ಇರಲಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರ್ ಹರಿದು ರಾಯಚೂರು ಮುಟ್ಟುತ್ತದೆ. ಯೋಜನೆ ಮಾಡಿದವರು ಅಚ್ಚುಕಟ್ಟಿನ ಬಹುಪಾಲನ್ನು ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗೆ ಗೊತ್ತುಮಾಡಿದ್ದರು. ಬರದ ಸೀಮೆಯಲ್ಲಿ ಹೆಚ್ಚು ಮಂದಿಗೆ ಸ್ವಲ್ಪ ಸ್ವಲ್ಪವಾದರೂ ನೀರು ಸಿಗಲಿ ಎಂಬ ಲೆಕ್ಕ ಅದು. ಆದದ್ದೇ ಬೇರೆ. ಮೇಲ್ಭಾಗದಲ್ಲಿ ಎರಡೆರಡು ಬೆಳೆ ನೆಲ್ಲು. ಮಾನ್ವಿ, ಸಿರವಾರದ ಕೊನೆಭಾಗದವರು ನೀರಿಗಾಗಿ ರಸ್ತೆಗಿಳಿಯಬೇಕು.

ಎರೆ ಭೂಮಿಯಲ್ಲಿ ನೀರು ಬೇಗ ಬಸಿಯದು. ತಿಂಗಳುಗಟ್ಟಲೆ ನಿಲ್ಲಿಸಿದರೆ ಒಳಗಿನ ನೀರು ಬೇರಿನ ಮಟ್ಟಕ್ಕೆ ಏರುತ್ತದೆ. ಬಿಸಿಲಿಗೆ ಅದು ಆರಿ ಉಪ್ಪು ಮೇಲೆ ಉಳಿಯುತ್ತದೆ. ಮೊದಲು ಕೆಡುವುದು ತಗ್ಗಿನ ಹೊಲ. ಅನೇಕ ಸಲ ಅದು ನೆಲ್ಲು ಹಚ್ಚಿದವನದಲ್ಲ, ಪಕ್ಕದವನದು. ಒಬ್ಬರ ಕಾಯಕ ಇನ್ನೊಬ್ಬರ ಅನ್ನ ಕಸಿದರೆ ಅದನ್ನು ಏನೆಂದು ಕರೆಯೋಣ?

ಮದ್ದು ಇಲ್ಲವೆಂದಲ್ಲ. ನೆಲದಡಿ ತೂತು ಕೊಳವೆ ಹೂಳಿ ಉಪ್ಪುನೀರು ಬಸಿಯುವ ವಿಧಾನವನ್ನು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಮಾಡಿ ತೋರಿಸಿದೆ. ಆದರೆ ಆ ನೀರು ಹಳ್ಳ ಸೇರಲು ನಾಲ್ಕಾರು ಜನರ ಹೊಲ ದಾಟಬೇಕು. ಒಬ್ಬ ಒಲ್ಲೆ ಎಂದರೆ ಕೆಲಸ ನಿಂತಿತು. ಇಲಾಖೆಯ ನೋಟಿಸಿಗೆ ಒಪ್ಪದ ಊರು ಮಠದ ಮಾತಿಗೆ ಒಪ್ಪುವುದನ್ನು ನಾನೇ ಕಂಡಿದ್ದೇನೆ.

ಆದ್ದರಿಂದ ಪೂಜ್ಯರಲ್ಲಿ ಒಂದು ಬಿನ್ನಹ. ಅಚ್ಚುಕಟ್ಟಿನಲ್ಲಿ ಭೂಮಿ ಇರುವ ಮಠಗಳು ಅದನ್ನು ಲೀಜಿಗೆ ಕೊಟ್ಟು, ಏನು ಬೆಳೆದರು ಎಂದು ಕೇಳದೆ ಇರುವುದು ಬೇಡ. ಲೀಜಿನ ಕರಾರಿನಲ್ಲೇ ಬೇಸಿಗೆ ನೆಲ್ಲು ಬೇಡವೆಂದು ಬರೆಸಿ, ಲೀಜಿನ ಹಣ ಕಡಿಮೆಯಾದರೆ ಆಗಲಿ. ಬಸಿಗಾಲುವೆಗೆ ಮೊದಲು ಮಠದ ಹೊಲದಲ್ಲೇ ದಾರಿ ಬಿಡಿ. ಈ ಬೇಸಿಗೆಯಲ್ಲಿ ಯಾವುದಾದರೂ ಮಠ ಐದು ಎಕರೆಗೆ ಮನಸ್ಸು ಮಾಡಿದರೂ ಸಾಕು. ಅಳತೆಗೆ ಲೆವೆಲ್ ಯಂತ್ರ ಹೊತ್ತು ನಾನೇ ಬರುತ್ತೇನೆ, ಪ್ರಸಾದದ ಹೊರತು ಬೇರೇನೂ ಬೇಡ.