ಹತ್ತಿಯ ಕ್ಷಾಮ ಕಲಿಸಿದ ಪಾಠ

ಚರಿತ್ರೆ ಮಗ್ಗುಲು ಬದಲಿಸಿದ ವರ್ಷಗಳಾವುವೆಂದು ವಿದ್ಯಾರ್ಥಿಯೊಬ್ಬನನ್ನು ಕೇಳಿದರೆ, ಆತ ತಡವರಿಸದೆ 1789, 1917, 1945 ಎಂದು ಹೇಳಿಬಿಡುತ್ತಾನೆ. ಉತ್ತರ ತಪ್ಪಲ್ಲ. ಸಿಂಹಾಸನಗಳು ಉರುಳಿದ, ಭೂಪಟಗಳು ಬದಲಾದ ವರ್ಷಗಳವು. ಆದರೆ ಒಂದು ದೇಶದಲ್ಲಿ ಹಾರಿದ ಗುಂಡು ಇನ್ನೊಂದು ಖಂಡದ ರೈತನ ಮನೆಬಾಗಿಲಿಗೆ ಹೇಗೆ ಬಂದು ಮುಟ್ಟುತ್ತದೆ ಎಂಬುದನ್ನು ಇಸವಿಗಳ ಪಟ್ಟಿ ತಿಳಿಸಲಾರದು. ಅದನ್ನು ಅರಿಯಬೇಕಾದರೆ ಯಾವುದಾದರೊಂದು ಪದಾರ್ಥದ ಬೆಲೆಯ ಹಿಂದೆಯೇ ನಾವು ನಡೆದುಹೋಗಬೇಕು. ಅಮೆರಿಕದ ಅಂತರ್ಯುದ್ಧವನ್ನು ಹಾಗೆ ಹತ್ತಿಯ ಹಿಂದೆ ನಡೆದು ನೋಡಿದಾಗ, ಅದು ಆ ದೇಶದ ಮನೆಜಗಳವಾಗಿ ಮಾತ್ರ ಉಳಿಯುವುದಿಲ್ಲ. ನಮ್ಮ ಧಾರವಾಡ ಸೀಮೆಯ ಎರೆಹೊಲಗಳೂ ಸೇರಿದ ಒಂದು ಲೋಕವೃತ್ತಾಂತವಾಗುತ್ತದೆ ಎಂದು ನನಗೆ ತೋರುತ್ತದೆ.

ಹತ್ತಿಯಿಂದ ಬೀಜವನ್ನು ಬೇರ್ಪಡಿಸುವ ಯಂತ್ರವನ್ನು ಎಲಿ ವಿಟ್ನಿ 1793ರಲ್ಲಿ ರೂಪಿಸಿದ ಮೇಲೆ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಹತ್ತಿಯ ಬೇಸಾಯ ವಿಪರೀತವಾಗಿ ಹಬ್ಬಿತು. ಅದರೊಡನೆ ಗುಲಾಮಗಿರಿಯೂ ಬೇರುಬಿಟ್ಟಿತು. 1860ರ ಹೊತ್ತಿಗೆ ಅಲ್ಲಿ ಗುಲಾಮರಾಗಿದ್ದವರ ಸಂಖ್ಯೆ ಸುಮಾರು 40 ಲಕ್ಷ. ಬ್ರಿಟನ್ನಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಮುಕ್ಕಾಲು ಪಾಲು ಇವರ ಬೆವರಿನಿಂದ ಬರುತ್ತಿತ್ತು. ಹತ್ತಿಯೇ ಅರಸು, ಅದರ ಮೇಲೆ ಕೈಯೆತ್ತುವ ಧೈರ್ಯ ಯಾರಿಗೂ ಇಲ್ಲ ಎಂಬ ಅರ್ಥದಲ್ಲಿ ದಕ್ಷಿಣ ಕೆರೊಲೈನದ ಸೆನೆಟರ್ ಹ್ಯಾಮಂಡ್ 1858ರಲ್ಲಿ ಸಾರಿದ್ದನು. ಒಂದು ಬೆಳೆಯ ಬಲದಿಂದ ಅನ್ಯಾಯವೊಂದನ್ನು ಶಾಶ್ವತಗೊಳಿಸಬಹುದೆಂಬ ನಂಬುಗೆ ಆ ಮಾತಿನಲ್ಲಿತ್ತು.

1861ರ ಏಪ್ರಿಲ್ 12ರಂದು ಚಾರ್ಲ್ಸ್‌ಟನ್ ಬಂದರಿನ ಸಮ್ಟರ್ ಕೋಟೆಯ ಮೇಲೆ ಫಿರಂಗಿಗಳು ಗುಡುಗಿದವು. ಒಂದು ವಾರದೊಳಗೆ ಲಿಂಕನ್ ದಕ್ಷಿಣದ ಬಂದರುಗಳಿಗೆ ನೌಕಾದಿಗ್ಬಂಧನವನ್ನು ಘೋಷಿಸಿದನು. ದಕ್ಷಿಣದವರಾದರೋ ತಮ್ಮ ಹತ್ತಿಯನ್ನು ತಾವೇ ತಡೆಹಿಡಿದರು; ಹಸಿದ ಗಿರಣಿಗಳು ಬ್ರಿಟನ್ನನ್ನು ತಮ್ಮ ಪಕ್ಷಕ್ಕೆ ಎಳೆದುತರುವುವೆಂಬುದು ಅವರ ಲೆಕ್ಕ. ಗಿರಣಿಗಳು ಹಸಿದದ್ದು ನಿಜ. 1862ರ ಕೊನೆಗೆ ಲ್ಯಾಂಕಷೈರ್ ಪ್ರಾಂತದಲ್ಲಿ ಸುಮಾರು ಐದು ಲಕ್ಷ ಜನ ಪರಿಹಾರದ ಅನ್ನಕ್ಕೆ ಕೈಯೊಡ್ಡಬೇಕಾಯಿತು. ಚರಿತ್ರಕಾರರು ಇದನ್ನು ಹತ್ತಿಯ ಕ್ಷಾಮವೆಂದು ಕರೆದಿದ್ದಾರೆ.

ಆದರೂ ದಕ್ಷಿಣದವರ ಲೆಕ್ಕ ತಪ್ಪಿತು. ಅದೇ ವರ್ಷದ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನಲ್ಲಿ ಸೇರಿದ ಕಾರ್ಮಿಕರ ಸಭೆಯು ಗುಲಾಮಗಿರಿಯನ್ನು ಅಳಿಸುವ ಕಾರ್ಯದಲ್ಲಿ ಲಿಂಕನ್ನನಿಗೆ ಬೆಂಬಲ ಸೂಚಿಸಿ ಪತ್ರ ಬರೆಯಿತು. ಮರುದಿನವೇ, 1863ರ ಜನವರಿ 1ರಂದು, ವಿಮೋಚನೆಯ ಘೋಷಣೆ ಹೊರಟಿತು. ಕೆಲವು ದಿನಗಳ ಮೇಲೆ ಲಿಂಕನ್ ಆ ಕಾರ್ಮಿಕರಿಗೆ ಕೃತಜ್ಞತೆಯಿಂದ ಉತ್ತರ ಬರೆದನು. ಪ್ರಾಂತದ ಎಲ್ಲ ಊರುಗಳ ಮನಸ್ಸೂ ಹೀಗಿರಲಿಲ್ಲ. ದಕ್ಷಿಣದ ಪರವಾಗಿ ಮಾತನಾಡಿದವರೂ ಇದ್ದರು. ಆದರೆ ತಮ್ಮ ಒಲೆಯಲ್ಲಿ ಬೆಂಕಿಯಿಲ್ಲದಾಗ ಪರರ ಸಂಕೋಲೆಯನ್ನು ನೆನೆದವರು ಇದ್ದರೆಂಬುದು ಮನುಷ್ಯಕುಲಕ್ಕೆ ಭೂಷಣವಾದ ಸಂಗತಿ.

ಅಮೆರಿಕದ ಹತ್ತಿ ನಿಂತೊಡನೆ ಬ್ರಿಟನ್ನಿನ ಕಣ್ಣು ಭಾರತದತ್ತ ಹೊರಳಿತು. 1862ರಲ್ಲಿ ಅಲ್ಲಿಗೆ ಬಂದ ಹತ್ತಿಯಲ್ಲಿ ಬಹುಪಾಲು ನಮ್ಮದು. ನಮ್ಮ ಗಿಡ್ಡ ಎಳೆಯ ಹತ್ತಿಯನ್ನು ಅವರು ಒಟ್ಟಾರೆ ‘ಸೂರತ್’ ಎಂದು ಕರೆದು, ನೂಲುವಾಗ ಎಳೆ ಕಡಿಯುವುದೆಂದು ಶಪಿಸಿದರೂ, ಕೊಳ್ಳದೆ ಗತ್ಯಂತರವಿರಲಿಲ್ಲ. ಧಾರವಾಡ ಸೀಮೆಯಲ್ಲಿ ಜವಾರಿ ಹತ್ತಿಯ ಜೊತೆಗೆ ಅಮೆರಿಕದ ಬೀಜದಿಂದ ಬೆಳೆದ ವಿಲಾಯಿತಿ ಹತ್ತಿಯೂ ಇತ್ತು. ಆ ಬೀಜವನ್ನು ಸರಕಾರ 1840ರ ದಶಕದಲ್ಲೇ ಅಲ್ಲಿ ಬಿತ್ತಿಸಿ ನೋಡಿತ್ತು. ಹುಬ್ಬಳ್ಳಿ, ಗದಗುಗಳ ಅರಳೆ ಬಂಡಿಗಳ ಮೇಲೂ ಎತ್ತುಗಳ ಬೆನ್ನ ಮೇಲೂ ಸಹ್ಯಾದ್ರಿಯ ಘಟ್ಟಗಳನ್ನಿಳಿದು ಕುಮಟೆಗೆ ಬಂದು, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಕಾರವಾರದ ಬಂದರನ್ನು ಹತ್ತಿಯ ವ್ಯಾಪಾರಕ್ಕೆ ಅಣಿಗೊಳಿಸುವ ಆಸೆಯೂ ಇತ್ತು. ಕನ್ನಡನಾಡಿನೊಳಗಿನ ಒಂದು ಗಡಿಯನ್ನು ಬದಲಿಸಿದ ಕಾರಣಗಳಲ್ಲಿ ದೂರದ ಗಿರಣಿಗಳ ಹಸಿವೂ ಒಂದಾಗಿತ್ತೆಂಬುದನ್ನು ನಮ್ಮ ಶಾಲೆಗಳಲ್ಲಿ ಎಷ್ಟು ಮಂದಿ ಹೇಳಿಕೊಡುತ್ತಾರೆ?

ಬೆಲೆ ನಾಲ್ಕು ಪಟ್ಟು ಏರಿತು. ಕಲ್ಲು, ಮಣ್ಣು, ಬೀಜಗಳನ್ನು ಬೆರೆಸಿ ಮಾರುವ ಮೋಸವೂ ಬೆಳೆದು, ಅದನ್ನು ತಡೆಯಲು ಮುಂಬಯಿ ಸರಕಾರ 1863ರಲ್ಲಿ ಕಾಯಿದೆಯನ್ನೇ ತರಬೇಕಾಯಿತು. ರೈತರು ಬಂಡಿಯ ಗಾಲಿಗಳಿಗೆ ಬೆಳ್ಳಿಯ ಪಟ್ಟಿ ಹೊಡೆಸಿದರೆಂಬ ಕಥೆಗಳು ಪಶ್ಚಿಮ ಭಾರತದಲ್ಲಿ ಹುಟ್ಟಿದವು. ಮುಂಬಯಿಯಲ್ಲಿ ಪ್ರೇಮಚಂದ ರಾಯಚಂದನ ಮಾತಿಗೆ ಬ್ಯಾಂಕುಗಳು ಬಾಗಿಲು ತೆರೆದವು. ಸಮುದ್ರವನ್ನು ತುಂಬಿ ನೆಲ ಮಾಡುವ ಬ್ಯಾಕ್‌ಬೇ ಕಂಪನಿಯ ಶೇರುಗಳಿಗೆ ಜನ ಮುಗಿಬಿದ್ದರು.

1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾನಿ ಲೀ ಶರಣಾದನು. ಮನುಷ್ಯತ್ವಕ್ಕೆ ಗೆಲವಾಯಿತು, ಅದೇ ವರ್ಷದ ಡಿಸೆಂಬರಿನಲ್ಲಿ ಗುಲಾಮಗಿರಿ ಅಮೆರಿಕದ ಸಂವಿಧಾನದಿಂದಲೇ ನಿಷಿದ್ಧವಾಯಿತು. ಆದರೆ ಶಾಂತಿಯ ಸುದ್ದಿ ಮುಂಬಯಿಗೆ ಸಿಡಿಲಿನಂತೆ ಎರಗಿತು. ಹತ್ತಿಯ ಬೆಲೆ ಕುಸಿಯಿತು. ವಾಯಿದೆಯ ಕರಾರುಗಳನ್ನು ತೀರಿಸಬೇಕಾಗಿದ್ದ ಜುಲೈ 1ರಂದು ಸಾಹುಕಾರರು ಸಾಲುಸಾಲಾಗಿ ದಿವಾಳಿಯೆದ್ದರು. ಬ್ಯಾಂಕ್ ಆಫ್ ಬಾಂಬೆ ಮುಂದೆ ಮುಚ್ಚಿಹೋಯಿತು. ಪ್ರೇಮಚಂದನು ತಾಯಿಯ ಹೆಸರಿನಲ್ಲಿ ನೆರವಿತ್ತು ಕಟ್ಟಿಸಿದ ರಾಜಾಬಾಯಿ ಗೋಪುರ ಇಂದಿಗೂ ಮುಂಬಯಿಯಲ್ಲಿ ಗಂಟೆ ಬಾರಿಸುತ್ತಿದೆ.

ಮುಳುಗಿದ ಸಾಹುಕಾರನ ಹೆಸರು ಚರಿತ್ರೆಯಲ್ಲಿ ಉಳಿಯಿತು. ರೈತನ ಹೆಸರು ಉಳಿಯಲಿಲ್ಲ. ಏರಿದ ಬೆಲೆಯನ್ನು ನಂಬಿ ಅವನು ಸಾಲ ಮಾಡಿದ್ದನು. ಕೊಡುವವನೂ ಅದೇ ಬೆಲೆಯನ್ನು ನಂಬಿ ಕೊಟ್ಟಿದ್ದನು. ಬೆಲೆ ಇಳಿದಾಗ ಸಾಲ ಅದರೊಡನೆ ಇಳಿಯಲಿಲ್ಲ. 1860ರ ದಶಕದ ಕೊನೆಯಲ್ಲಿ ಪುಣೆ ಜಿಲ್ಲೆಯಲ್ಲಿ ಮೂವತ್ತು ವರ್ಷದ ಕಂದಾಯವನ್ನು ಮತ್ತೆ ನಿಗದಿಮಾಡುವಾಗ, ಬೆಲೆ ಏರಿದ ಕಾಲದ ಸುಭಿಕ್ಷವನ್ನೇ ಸರಕಾರ ಲೆಕ್ಕಕ್ಕೆ ಹಿಡಿಯಿತು. 1875ರ ಮೇ ತಿಂಗಳಲ್ಲಿ ಆ ಜಿಲ್ಲೆಯ ಸುಪೆಯಲ್ಲಿ ರೈತರು ಸಾಹುಕಾರರ ಮೇಲೆ ಬಿದ್ದು, ಲೆಕ್ಕದ ವಹಿಗಳನ್ನೂ ಸಾಲಪತ್ರಗಳನ್ನೂ ಸುಟ್ಟರು. ದಂಗೆಯೆದ್ದ ತಾಲ್ಲೂಕುಗಳೆಲ್ಲ ಹತ್ತಿಯ ಸೀಮೆಯಲ್ಲ. ಆದಕಾರಣ ಎಲ್ಲಕ್ಕೂ ಹತ್ತಿಯನ್ನೇ ಹೊಣೆ ಮಾಡುವುದು ಸಲ್ಲದು. ಆದರೂ ಆ ಬೆಂಕಿಗೆ ಸೌದೆಯನ್ನು ಒಟ್ಟಿದ ಕೈಗಳಲ್ಲಿ ಬೆಲೆಯ ಈ ಏರಿಳಿತದ್ದೂ ಒಂದೆಂಬುದರಲ್ಲಿ ನನಗೆ ಸಂದೇಹವಿಲ್ಲ. ಸರಕಾರ 1879ರಲ್ಲಿ ರೈತರ ಪರಿಹಾರಕ್ಕಾಗಿ ಕಾಯಿದೆ ಮಾಡಿತು. ಅಷ್ಟರೊಳಗೆ 1876ರಿಂದ 78ರವರೆಗಿನ ಮಹಾಕ್ಷಾಮ ದಖ್ಖಣವನ್ನೂ ಮೈಸೂರನ್ನೂ ಬಳ್ಳಾರಿ, ಧಾರವಾಡ ಸೀಮೆಗಳನ್ನೂ ಸುಲಿದುಹೋಗಿತ್ತು.

ಈಜಿಪ್ಟಿನ ಕಥೆಯೂ ಬೇರೆಯಲ್ಲ. 1863ರಲ್ಲಿ ಪಟ್ಟಕ್ಕೆ ಬಂದ ಇಸ್ಮಾಯಿಲನು ಹತ್ತಿಯ ಹಣದ ಭರವಸೆಯ ಮೇಲೆ ಯೂರೋಪಿನ ಸಾಲಗಾರರಲ್ಲಿ ಕೈಚಾಚಿದನು. 1875ರಲ್ಲಿ ಸುಯೆಜ್ ಕಾಲುವೆಯ ಶೇರುಗಳನ್ನು ಬ್ರಿಟನ್ನಿಗೆ ಮಾರಿದನು. ಮರುವರ್ಷವೇ ಸಾಲ ತೀರಿಸಲಾಗದೆ ಕೈಚೆಲ್ಲಿದನು. 1882ರಲ್ಲಿ ಬ್ರಿಟಿಷ್ ಸೈನ್ಯ ಆ ದೇಶವನ್ನು ಆಕ್ರಮಿಸಿತು. ಅಮೆರಿಕದಲ್ಲಿ ದಾಸ್ಯದ ಒಂದು ಯುಗ ಮುಗಿಯುತ್ತಿದ್ದಾಗ, ನೈಲ್ ನದಿಯ ದಡದಲ್ಲಿ ಇನ್ನೊಂದು ಬಗೆಯ ಪರಾಧೀನತೆಗೆ ದಾರಿ ತೆರೆಯಿತು.

ಸ್ವೆನ್ ಬೆಕರ್ಟ್ 2014ರಲ್ಲಿ ಪ್ರಕಟಿಸಿದ ಹತ್ತಿಯ ಸಾಮ್ರಾಜ್ಯವನ್ನು ಕುರಿತ ಗ್ರಂಥದಲ್ಲಿ ಈ ಎಳೆಗಳನ್ನೆಲ್ಲ ಒಂದುಗೂಡಿಸಿ ತೋರಿಸಿದ್ದಾನೆ. ನಾನು ಒತ್ತಿ ಹೇಳಬಯಸುವುದು ಇಷ್ಟು: ಗುಲಾಮನ ಬಿಡುಗಡೆಯನ್ನು ಹೃತ್ಪೂರ್ವಕವಾಗಿ ಕೊಂಡಾಡೋಣ, ಆದರೆ ಅದೇ ಕಾಲದಲ್ಲಿ ಲೋಕದ ಮಾರುಕಟ್ಟೆ ಸ್ವತಂತ್ರನೆನಿಸಿಕೊಂಡ ರೈತನನ್ನು ಸಾಲದ ಹಗ್ಗದಿಂದ ಕಟ್ಟುವುದನ್ನು ಕಲಿತುಕೊಂಡಿತೆಂಬುದನ್ನು ಮರೆಯದಿರೋಣ. ಬೆಲೆ ಏರಿದಾಗ ಲಾಭದಲ್ಲಿ ಪಾಲು ಬೇಡಿದವರು ಹಲವರು. ಇಳಿದಾಗ ನಷ್ಟಕ್ಕೆ ಹೆಗಲು ಕೊಟ್ಟವನು ಅವನೊಬ್ಬನೇ.

ಇದು ಕಳೆದುಹೋದ ಮಾತೂ ಅಲ್ಲ. 2022ರಲ್ಲಿ ರಷ್ಯ ಉಕ್ರೇನಿನ ಮೇಲೆ ದಂಡೆತ್ತಿದಾಗ ನಮ್ಮ ಅಡುಗೆಮನೆಗಳಲ್ಲಿ ಸೂರ್ಯಕಾಂತಿ ಎಣ್ಣೆ ದುಬಾರಿಯಾಯಿತು. ಹಾವೇರಿ, ರಾಯಚೂರುಗಳ ಹತ್ತಿಯ ರೈತ ಇಂದಿಗೂ ತಾನು ಕಾಣದ ಪೇಟೆಗಳ ಮರ್ಜಿಯನ್ನು ಕಾಯುತ್ತಾನೆ. ಚರಿತ್ರೆಯ ಅಧ್ಯಾಪಕರಲ್ಲಿ ನನ್ನ ವಿಜ್ಞಾಪನೆಯೊಂದುಂಟು. ಇಸವಿಯನ್ನು ಕಲಿಸಿದ ಮೇಲೆ ವಿದ್ಯಾರ್ಥಿಗೆ ಇನ್ನೊಂದು ಪ್ರಶ್ನೆಯನ್ನು ಕೇಳಿ: ಆ ವರ್ಷ ನಿನ್ನ ಊರಿನಲ್ಲಿ ಏನು ಬೆಳೆದರು, ಅದನ್ನು ಯಾರು ಕೊಂಡರು, ಯಾರು ಸಾಲ ಹೊತ್ತರು? ಉತ್ತರವನ್ನು ಹುಡುಕಹೊರಟ ಹುಡುಗನಿಗೆ ಜಗತ್ತಿನ ಚರಿತ್ರೆಯಲ್ಲಿ ತನ್ನ ಹಿರಿಯರಿಗೂ ಪಾಲಿತ್ತೆಂಬುದು ತಿಳಿಯುತ್ತದೆ. ಮುಂದೊಂದು ದಿನ ನಾಡಿನ ಬೆಲೆಗಳನ್ನೂ ಸಾಲಗಳನ್ನೂ ಕುರಿತು ತೀರ್ಮಾನ ಮಾಡುವ ಸ್ಥಾನಕ್ಕೆ ಅವನು ಬಂದಾಗ, ಆ ತಿಳಿವಳಿಕೆ ಅವನ ಕೈಯನ್ನು ಹಿಡಿದು ನಡೆಸೀತು.