ಕ್ರಯಪತ್ರದ ಕಡೆಯ ಪುಟ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಕಟ್ಟುವವನ ಪಾಡನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. ಕೊಳ್ಳುವವನ ಪಾಡು ಅವರ ಕಾಲಕ್ಕೆ ಅಷ್ಟು ದೊಡ್ಡದಾಗಿರಲಿಲ್ಲವೋ ಏನೋ, ಅದಕ್ಕೊಂದು ಗಾದೆ ಹುಟ್ಟಲಿಲ್ಲ. ಈಗಲಾದರೋ ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿಗಳ ಸುತ್ತ ಎತ್ತ ನೋಡಿದರೂ ಕಲ್ಲು ನೆಟ್ಟ ನಿವೇಶನಗಳೇ. ವಿಶ್ವೇಶ್ವರಯ್ಯ ನಾಲೆಯ ನೀರುಂಡು ಕಬ್ಬು ಬೆಳೆಯುತ್ತಿದ್ದ ಗದ್ದೆಗಳು, 2023ರಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ಘಾಟನೆಯಾದ ಮೇಲಂತೂ, ಮೂವತ್ತು–ನಲವತ್ತರ ಅಳತೆಯಲ್ಲಿ ಮಾರಾಟವಾಗುತ್ತಿವೆ. ಕೊಳ್ಳುವವನು ಬೆಲೆ ಕೇಳುತ್ತಾನೆ, ದಿಕ್ಕು ನೋಡುತ್ತಾನೆ, ವಾಸ್ತು ಬಲ್ಲವರನ್ನು ಕರೆತಂದು ಬಾಗಿಲು ಎಲ್ಲಿ ಬರಬೇಕೆಂದು ವಿಚಾರಿಸುತ್ತಾನೆ. ಕ್ರಯಪತ್ರದಲ್ಲಿ ಏನು ಬರೆದಿದೆಯೆಂದು ಮಾತ್ರ ಓದುವುದಿಲ್ಲ.

ನನಗೂ ಈ ವಿಷಯದಲ್ಲಿ ಮೊದಲು ಆಸಕ್ತಿಯಿರಲಿಲ್ಲ. ಆಲೆಮನೆ ನಡೆಸುವ ನನ್ನ ಸೋದರಮಾವ, ಮಕ್ಕಳ ವಿದ್ಯಾಭ್ಯಾಸಕ್ಕೆ ಅನುಕೂಲವಾಗಲೆಂದು ಪೇಟೆಯಲ್ಲಿ ಒಂದು ನಿವೇಶನ ಗೊತ್ತುಮಾಡಿ, ಮುಂಗಡ ಕೊಡುವ ಹಿಂದಿನ ದಿನ ಕ್ರಯಪತ್ರದ ಕರಡನ್ನು ನನ್ನ ಕೈಗಿತ್ತು, "ಓದಿದೋನು ನೀನು, ಒಂದ್ಸಲ ನೋಡ್ಬುಡು" ಎಂದರು. ಸರ್ವೆ ನಂಬರು, ಚಕ್ಕುಬಂದಿ, ಹಣ ಸಂದಾಯದ ವಿವರ ಎಲ್ಲವೂ ಸರಿಯಾಗಿತ್ತು. ಕಡೆಯ ಪುಟದಲ್ಲಿ ಷರತ್ತುಗಳಿದ್ದವು. ಮನೆಯ ಮುಂದೆ ಇಂತಿಷ್ಟು ಜಾಗ ಬಿಡತಕ್ಕದ್ದು. ಗಿರಣಿ, ಕಾರ್ಖಾನೆ ಇಡತಕ್ಕದ್ದಲ್ಲ. ಕೊನೆಯದು, ಸದರಿ ಸ್ವತ್ತನ್ನು ನಮ್ಮ ಜನಾಂಗದವರಲ್ಲದವರಿಗೆ ಕ್ರಯಕ್ಕಾಗಲಿ, ಭೋಗ್ಯಕ್ಕಾಗಲಿ, ಬಾಡಿಗೆಗಾಗಲಿ ಕೊಡತಕ್ಕದ್ದಲ್ಲ ಎಂದು. ನಾನು ಅದನ್ನು ಗಟ್ಟಿಯಾಗಿ ಓದಿದೆ. ಮಾವ ನಕ್ಕು, "ನಾವು ಅವರ ಜನಾನೇ ಅಲ್ವೇನ್ಲಾ, ನಮಗೇನು ನಷ್ಟ?" ಎಂದರು.

ನಷ್ಟವೇನೆಂದು ಅಂದು ನನಗೆ ಹೇಳಲಾಗಲಿಲ್ಲ. ಅನಂತರ ಓದಿ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೊಂಡವನ ಕೈಯನ್ನು ಹೀಗೆ ಕಟ್ಟುವ ಪದ್ಧತಿ ಹೊಸದಲ್ಲ. ಲಂಡನ್ ನಗರದ ಲೆಸ್ಟರ್ ಚೌಕದ ನಡುವಣ ತೋಟವನ್ನು 1808ರಲ್ಲಿ ಟಲ್ಕ್ ಎಂಬಾತ ಮಾರುವಾಗ, ಅಲ್ಲಿ ಕಟ್ಟಡ ಎಬ್ಬಿಸದೆ ತೋಟವಾಗಿಯೇ ಉಳಿಸಬೇಕೆಂದು ಬರೆಸಿಕೊಂಡಿದ್ದ. ಕೈಯಿಂದ ಕೈಗೆ ದಾಟಿ ಅದು ಮಾಕ್ಸೆ ಎಂಬಾತನಿಗೆ ಬಂತು. ಷರತ್ತನ್ನು ಬರೆದುಕೊಟ್ಟವನು ನಾನಲ್ಲ, ನನಗೇಕೆ ಅದರ ಗೊಡವೆ ಎಂದು ಅವನು ಕಟ್ಟಲು ಹೊರಟ. ಷರತ್ತು ತಿಳಿದೇ ಕೊಂಡವನು ಅದಕ್ಕೆ ಬದ್ಧನೆಂದು 1848ರಲ್ಲಿ ನ್ಯಾಯಾಲಯ ತಡೆಯಿತು. ಆ ತೋಟ ಇಂದಿಗೂ ಅಲ್ಲಿದೆ. ನಮ್ಮ ದೇಶದ 1882ರ ಸ್ವತ್ತು ವರ್ಗಾವಣೆ ಕಾಯಿದೆಯ 40ನೆಯ ಕಲಮು ಇದೇ ಹಾದಿ ಹಿಡಿದಿದೆ. ಪಕ್ಕದ ಸ್ವತ್ತಿನ ಅನುಕೂಲಕ್ಕಾಗಿ "ಇಂಥದ್ದನ್ನು ಮಾಡಬೇಡ" ಎಂಬ ಕಟ್ಟು, ತಿಳಿದು ಕೊಂಡವನನ್ನೂ ಹಿಡಿಯುತ್ತದೆ. ನನಗೆ ತಿಳಿಯಲಿಲ್ಲವೆಂದು ನುಣುಚಿಕೊಳ್ಳುವುದೂ ಸುಲಭವಲ್ಲ. ನೋಂದಣಿಯಾದ ಪತ್ರದಲ್ಲಿರುವುದು ಕೊಳ್ಳುವವನಿಗೆ ತಿಳಿದಿತ್ತೆಂದೇ ಕಾಯಿದೆ ಭಾವಿಸುತ್ತದೆ. ಆದರೆ ಅದೇ ಕಾಯಿದೆಯ 10ನೆಯ ಕಲಮಿನಂತೆ, ಕೊಂಡವನು ಎಂದೂ ಯಾರಿಗೂ ಮಾರಲೇಕೂಡದೆಂದು ಪೂರ್ತಿಯಾಗಿ ತಡೆಯುವ ಷರತ್ತು ಶೂನ್ಯ.

ಹೀಗಿರಲು ಷರತ್ತೆಂದ ಮಾತ್ರಕ್ಕೆ ಬೆಚ್ಚಬೇಕಾಗಿಲ್ಲ. ನೆರೆಯವನ ಗಾಳಿ ಬೆಳಕಿಗೆ ಜಾಗ ಬಿಡು ಎಂಬುದು ನನ್ನ ಗಾಳಿ ಬೆಳಕಿಗೂ ಕಾವಲು. ಸರ್ಕಾರಿ ಪ್ರಾಧಿಕಾರಗಳು ನಿವೇಶನ ಹಂಚುವಾಗ ಹಾಕುವ ಕಟ್ಟಿಗೂ ಕಾರಣವಿದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1984ರ ನಿಯಮಗಳಲ್ಲಿ ನಿವೇಶನವನ್ನು ಮೊದಲು ಹತ್ತು ವರ್ಷ ಗುತ್ತಿಗೆಗೆ ಕೊಟ್ಟು, ಆಮೇಲೆ ಕ್ರಯಪತ್ರ ಮಾಡಿಕೊಡುವ ಕ್ರಮವಿತ್ತು. ಮನೆಯಿಲ್ಲದವನಿಗೆ ಕೊಟ್ಟದ್ದು ಮಾರನೆಯ ದಿನವೇ ವ್ಯಾಪಾರದ ಸರಕಾಗಬಾರದೆಂಬುದೇ ಅದರ ಉದ್ದೇಶ. ಅವಧಿ ಮುಗಿಯುವ ಮುನ್ನ ಜನರಲ್ ಪವರ್ ಬರೆಸಿಕೊಂಡು ಕೊಂಡವರು ಎಷ್ಟು ಅಲೆದರೆಂದು ಬೆಂಗಳೂರಿನ ನೆಂಟರನ್ನು ಕೇಳಿದರೆ ಗೊತ್ತಾದೀತು!

ನಮ್ಮ ಜಿಲ್ಲೆಯ ಹಳ್ಳಿಗಾಡಿನಲ್ಲಿ ಹೆಚ್ಚಾಗಿ ಎಡವುವುದು ಇನ್ನೊಂದು ಕಟ್ಟನ್ನು. ಪರಿಶಿಷ್ಟ ಜಾತಿ, ಪಂಗಡಗಳ ಬಡವರಿಗೆ ದರಖಾಸ್ತಿನಲ್ಲಿ ಸರ್ಕಾರ ಜಮೀನು ಕೊಡುವಾಗ, ಇಂತಿಷ್ಟು ವರ್ಷ ಪರಭಾರೆ ಮಾಡಕೂಡದೆಂದು ಸಾಗುವಳಿ ಚೀಟಿಯಲ್ಲೇ ಬರೆದಿರುತ್ತಿತ್ತು. ಬರಗಾಲಕ್ಕೋ ಮದುವೆಯ ಸಾಲಕ್ಕೋ ಆ ಜಮೀನು ಉಳ್ಳವರ ಪಾಲಾಗುತ್ತಿತ್ತು. ಇದನ್ನು ತಡೆಯಲು ಬಂದ 1978ರ ಪಿ.ಟಿ.ಸಿ.ಎಲ್. ಕಾಯಿದೆ, ಷರತ್ತು ಮುರಿದು ನಡೆದ ಕ್ರಯಗಳನ್ನು, ಕಾಯಿದೆಗೆ ಹಿಂದಿನವನ್ನೂ ಸೇರಿಸಿ, ಶೂನ್ಯವೆಂದಿತು. ಮುಂದೆ ಮಾರಬೇಕಾದರೆ ಸರ್ಕಾರದ ಅನುಮತಿ ಮೊದಲೇ ಬೇಕೆಂದಿತು. ಉಪವಿಭಾಗಾಧಿಕಾರಿಗಳು ಜಮೀನನ್ನು ಬಿಡಿಸಿ ಮೂಲ ಮಂಜೂರಾತಿದಾರನಿಗೋ ಅವನ ವಾರಸುದಾರರಿಗೋ ಕೊಡಿಸಬಹುದು. ಮಂಚೇಗೌಡ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1984ರಲ್ಲಿ ಈ ಕಾಯಿದೆಯನ್ನು ಎತ್ತಿಹಿಡಿಯಿತು. ಬಹುಕಾಲ ಸುಮ್ಮನಿದ್ದು ಆಮೇಲೆ ಅರ್ಜಿ ಹಾಕಿದರೆ ಆಗದೆಂದು 2017ರಲ್ಲಿ ಅದೇ ಕೋರ್ಟು ಹೇಳಿದಾಗ, ಕಾಲಮಿತಿಯಿಲ್ಲವೆಂದು ನಮ್ಮ ವಿಧಾನಮಂಡಲ 2023ರಲ್ಲಿ ತಿದ್ದುಪಡಿ ತಂದಿತು.

ಇದು ಕೊಂಡವರಿಗೆ ಅನ್ಯಾಯವೆಂದು ಗೊಣಗುವವರನ್ನು ನಾನು ಬಲ್ಲೆ. ಅಂಥ ಗದ್ದೆಯನ್ನು ತುಂಡುಮಾಡಿ ಮಾರಿದವನು ಹಣ ಎಣಿಸಿಕೊಂಡು ಹೋಗಿ, ಕಡೆಗೆ ಮನೆ ಕಟ್ಟಿದ ಮಾಸ್ತರನೋ ಗುಮಾಸ್ತನೋ ಕಚೇರಿಗೆ ಅಲೆಯುವಂತಾಗುವುದು ನಿಜವೇ. ಆದರೂ ನನ್ನ ಅಭಿಪ್ರಾಯ ಬೇರೆ. ಸುತ್ತಲ ನೆಲಕ್ಕಿಂತ ಅಗ್ಗವಾಗಿ ಸಿಕ್ಕಿದ ನೆಲ ಏಕೆ ಅಗ್ಗವಾಯಿತೆಂದು ಮೊದಲು ಕೊಂಡವನು ಕೇಳಬೇಕಾಗಿತ್ತು. ಹೊಲ ಕಳೆದುಕೊಂಡವನಿಗೆ ಆ ಕಾಯಿದೆಯಲ್ಲದೆ ಬೇರೆ ಯಾವ ಬೇಲಿಯಿತ್ತು?

ಬೇಲಿಯೊಂದು, ಗೋಡೆಯೊಂದು. ಮಾವನ ಪತ್ರದಲ್ಲಿದ್ದದ್ದು ಗೋಡೆ. ಇಂಥ ಗೋಡೆಯನ್ನು ಅಮೆರಿಕದಲ್ಲಿಯೂ ಕಟ್ಟಿದ್ದರು. ಸೇಂಟ್ ಲೂಯಿಸ್ ನಗರದ ಬೀದಿಯೊಂದರ ಮನೆಯೊಡೆಯರು, ಕಪ್ಪು ಜನರಿಗೆ ಐವತ್ತು ವರ್ಷ ಇಲ್ಲಿ ಜಾಗವಿಲ್ಲವೆಂದು 1911ರಲ್ಲಿ ಕರಾರು ಮಾಡಿಕೊಂಡರು. ಅದನ್ನರಿಯದೆ 1945ರಲ್ಲಿ ಅಲ್ಲಿ ಮನೆ ಕೊಂಡ ಶೆಲ್ಲಿ ದಂಪತಿಗಳನ್ನು ನೆರೆಯವರು ಕೋರ್ಟಿಗೆಳೆದರು. ಇಂಥ ಕರಾರನ್ನು ಜಾರಿಮಾಡಲು ನ್ಯಾಯಾಲಯ ತನ್ನ ಕೈಯನ್ನು ಕೊಡಲಾಗದೆಂದು 1948ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ವರ್ಣಭೇದ ಮಾಡುವುದೇ ಕಾನೂನುಬಾಹಿರವೆಂಬ ಶಾಸನ ಬರಲು 1968 ಆಗಬೇಕಾಯಿತು.

ನಮ್ಮಲ್ಲಿ ವಿಷಯ ಅಷ್ಟು ನೇರವಾಗಿಲ್ಲ. ಅಹಮದಾಬಾದಿನ ಪಾರಸಿ ಗೃಹನಿರ್ಮಾಣ ಸಹಕಾರ ಸಂಘವೊಂದು ತನ್ನ ಸದಸ್ಯತ್ವವನ್ನು ಪಾರಸಿಗಳಿಗಷ್ಟೇ ಮೀಸಲಿಟ್ಟ ಉಪವಿಧಿಯನ್ನು 2005ರಲ್ಲಿ ನಮ್ಮ ಸುಪ್ರೀಂ ಕೋರ್ಟು ಒಪ್ಪಿತು. ಒಪ್ಪಿ ಸೇರಿದವನು ಷರತ್ತನ್ನೂ ಒಪ್ಪಿದಂತೆಯೇ, ಸಂಘ ಕಟ್ಟುವುದೂ ಹಕ್ಕೇ ಎಂಬುದು ಅದರ ವಾದಸರಣಿ. ಸಣ್ಣ ಸಮುದಾಯವೊಂದು ಒಟ್ಟಾಗಿ ಬಾಳಬಯಸುವುದು ನನಗೆ ಅರ್ಥವಾಗುತ್ತದೆ. ಆದರೆ ಊರಿನಲ್ಲಿ ಬಲವಿರುವವರೇ ಅದೇ ಮಾತನ್ನಾಡಿದರೆ ಉಳಿದವರು ಊರ ಹೊರಗಿನ ಜಾಗಕ್ಕೇ ಹೋಗಬೇಕಾಗುತ್ತದೆ. ಆ ಜಾಗ ಯಾವುದೆಂದು ನಮ್ಮ ಹಳ್ಳಿಗಳನ್ನು ಕಂಡವರಿಗೆ ಹೇಳಬೇಕಾಗಿಲ್ಲ. ವಿದೇಶದಲ್ಲಿ ಓದಿ ಬಂದು 1917ರಲ್ಲಿ ಬರೋಡದಲ್ಲಿ ಕೆಲಸಕ್ಕೆ ಸೇರಿದ ಡಾ. ಅಂಬೇಡ್ಕರರಿಗೆ ತಲೆಯ ಮೇಲೊಂದು ಸೂರು ಸಿಗದೆ ಹಿಂತಿರುಗಬೇಕಾಯಿತಲ್ಲ! ಅಸ್ಪೃಶ್ಯತೆಯ ಕಾರಣದಿಂದ ಯಾವ ಬಡಾವಣೆಯಲ್ಲಾಗಲಿ ಮನೆ ಕಟ್ಟುವುದಕ್ಕೆ, ಕೊಳ್ಳುವುದಕ್ಕೆ, ವಾಸಿಸುವುದಕ್ಕೆ ಅಡ್ಡಿ ಮಾಡುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಇದು ಪುಸ್ತಕದಲ್ಲಿದೆ, ಪತ್ರದಲ್ಲಿ "ನಮ್ಮ ಜನಾಂಗ" ಎಂದಿರುತ್ತದೆ, ಯಾರು ಬೇಡವೆಂದು ಇರುವುದಿಲ್ಲ. ಎಷ್ಟೋ ಕಡೆ ಪತ್ರವೂ ಬೇಕಾಗುವುದಿಲ್ಲ, ಬಾಡಿಗೆ ಕೇಳಹೋದವನ ಊಟದ ವಿಚಾರ ಕೇಳಿದರೆ ಸಾಕು. ಸಹಕಾರ ಸಂಘದ ಮಾತು ಹೇಗೂ ಇರಲಿ, ನಾಲ್ಕು ಎಕರೆ ಕೊಂಡು ಹಂಚಿ ಮಾರುವ ವ್ಯಾಪಾರಿಗೆ ಕೊಂಡವನ ಮೊಮ್ಮಕ್ಕಳ ನೆರೆಹೊರೆಯನ್ನು ಗೊತ್ತುಮಾಡುವ ಅಧಿಕಾರ ಇರಕೂಡದು, ಅದನ್ನು ಶಾಸನವೇ ಬಾಯಿಬಿಟ್ಟು ಹೇಳಬೇಕು ಎಂಬುದು ನನ್ನ ಅಭಿಮತ.

ಮಾವನಿಗೆ ಇಷ್ಟೆಲ್ಲ ಹೇಳಲಿಲ್ಲ. ನಾಳೆ ಕಷ್ಟಕಾಲಕ್ಕೆ ಮಾರಹೋದರೆ ಕೊಳ್ಳುವವರು ನಾಲ್ಕೇ ಜನ ಇರುತ್ತಾರೆ, ಅವರು ಹೇಳಿದ್ದೇ ಬೆಲೆ ಎಂದೆ. ಅದು ಅವರಿಗೆ ನಾಟಿತು. ಆಮೇಲೆ ನನ್ನ ಜೊತೆ ಓದುವ ಗೆಳೆಯನ ಹೆಸರು ಹೇಳಿ, ಅವನು ಮುಂದೆ ಕೆಲಸ ಹಿಡಿದು ನಿಮ್ಮ ಪಕ್ಕದ ಮನೆ ಕೊಳ್ಳುವಂತಿಲ್ಲ ಎಂದೆ. ಮಾವ ತುಸುಹೊತ್ತು ಸುಮ್ಮನಿದ್ದು, "ಹೋದ ಸಂಕ್ರಾಂತೀಲಿ ನಮ್ಮನೇಲಿ ಉಂಡೋನಲ್ವೇನ್ಲಾ ಅವನು?" ಎಂದರು. ಮರುದಿನ ಆ ಸಾಲನ್ನು ಹೊಡೆದುಹಾಕಿರೆಂದು ಕೇಳಿದರು. ಮಾರುವವನು ಎಲ್ಲರೂ ರುಜು ಹಾಕಿದ್ದಾರೆ, ನಿಮ್ಮದೇನು ವಿಶೇಷ ಎಂದ. ಮುಂಗಡದ ಹಣ ಮನೆಗೆ ವಾಪಸ್ಸು ಬಂತು. ಅತ್ತೆ ಒಂದು ವಾರ ನನ್ನೊಡನೆ ಮಾತನಾಡಲಿಲ್ಲ.

ಐದು ತಿಂಗಳ ಮೇಲೆ ಹಳೆಯ ಬೀದಿಯೊಂದರಲ್ಲಿ ಹೆಂಚಿನ ಮನೆಯೊಂದು ಗೊತ್ತಾಯಿತು. ಈ ಸಲ ಮೂವತ್ತು ವರ್ಷದ ಋಣಭಾರ ಪತ್ರ, ಮೂಲ ಪತ್ರಗಳು ಎಲ್ಲವನ್ನೂ ಮೊದಲೇ ತರಿಸಿ ಓದಿದೆವು. ಅದರಲ್ಲಿಯೂ ಒಂದು ಷರತ್ತಿತ್ತು. ಪೂರ್ವದ ಕಡೆ ಮೂರು ಅಡಿ ಬಿಟ್ಟು ಕಟ್ಟಬೇಕು, ನೆರೆಮನೆಯ ಅಡುಗೆಕೋಣೆಯ ಕಿಟಕಿ ಆ ಕಡೆಗಿದೆ ಎಂದು. ಮಾವ ಎದ್ದು ಹೋಗಿ ಆ ಕಿಟಕಿಯನ್ನು ನೋಡಿ ಬಂದು ರುಜು ಹಾಕಿದರು.